ಮನೆಯಲ್ಲಿಯೇ ಕಟ್ಟಿದ ಆಟದ ಕಪಾಟು

ಗೋಕಾವಿಯ ಮರದ ಹಣ್ಣುಗಳನ್ನು ಕಂಡು ಮೋಸಹೋಗದ ಅತಿಥಿಯು ನಮ್ಮ ಸೀಮೆಯಲ್ಲಿ ವಿರಳ. ತಟ್ಟೆಯಲ್ಲಿಟ್ಟ ಮಾವು ಬಾಳೆಗಳಿಗೆ ಕೈಚಾಚಿ, ಅವು ಹಗುರಾದ ಮರದಲ್ಲಿ ಕೆತ್ತಿ ಬಣ್ಣ ಬಳಿದವುಗಳೆಂದು ತಿಳಿದೊಡನೆ ನಗದವರಿಲ್ಲ. ಇಂಥ ಕೈಗಳು ಬಾಳಿದ ಊರಿನ ಮಕ್ಕಳು ಈಗ ಅಂಗೈಯಗಲದ ಗಾಜನ್ನು ತಿಕ್ಕುತ್ತ ಮೂಲೆಗೊಬ್ಬರಾಗಿ ಕೂಡ್ರುವದನ್ನು ಕಂಡು ತಾಯಿತಂದೆಗಳು ಮರುಗುತ್ತಾರೆ. ಮೊಬೈಲನ್ನು ಕಸಿದುಕೊಂಡರೆ ಅಳುವೊಂದೇ ಫಲ. ಅದಕ್ಕಿಂತ ಲೇಸಾದ ಉಪಾಯವೊಂದನ್ನು ನಾವು ಕಳೆದ ಬೇಸಗೆಯ ಬಿಡುವಿನಲ್ಲಿ, ಮೂಡಲಗಿಯಲ್ಲಿರುವ ಮಗಳ ಮನೆಯಲ್ಲಿ, ಮೊಮ್ಮಕ್ಕಳೊಡನೆ ಮಾಡಿ ನೋಡಿದೆವು. ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಹಳೆಯ ಕಂಪ್ಯೂಟರನ್ನು ಕೆಳಗಿಳಿಸಿ, ಅದಕ್ಕೆ ಹಲಗೆಯ ಕಪಾಟು ಕಟ್ಟಿ, ಪಡಸಾಲೆಯಲ್ಲಿ ಎಲ್ಲರೂ ನಿಂತು ಆಡುವಂಥ ಯಂತ್ರವನ್ನು ಮಾಡಿದೆವು. ವಾಚಕರಲ್ಲಿ ಕೆಲವರಿಗಾದರೂ ಉಪಯೋಗವಾದೀತೆಂದು ಅದರ ವಿವರವನ್ನು ಬರೆಯುತ್ತೇವೆ.

ನಾಣ್ಯವನ್ನು ಹಾಕಿ ನಿಂತು ಆಡುವ ಈ ಜಾತಿಯ ಯಂತ್ರಗಳಿಗೆ ಆರ್ಕೇಡ್ ಯಂತ್ರಗಳೆಂದು ಹೆಸರು. ಅಮೇರಿಕೆಯ ಅಟಾರಿ ಸಂಸ್ಥೆಯ ಪಾಂಗ್ ಎಂಬ ಆಟವು 1972ರಲ್ಲಿಯೂ, ಜಪಾನಿನ ಟೈಟೋ ಸಂಸ್ಥೆಯ ಸ್ಪೇಸ್ ಇನ್ವೇಡರ್ಸ್ 1978ರಲ್ಲಿಯೂ, ನಾಮ್ಕೋ ಸಂಸ್ಥೆಯ ಪ್ಯಾಕ್‌ಮ್ಯಾನ್ 1980ರಲ್ಲಿಯೂ ಹೊರಬಂದವು. ಕಡೆಯದರಲ್ಲಿ ಹಳದಿಯ ಬಾಯಿಯೊಂದು ಚಕ್ರವ್ಯೂಹದಲ್ಲಿ ಚುಕ್ಕೆಗಳನ್ನು ನುಂಗುತ್ತ ಓಡುವದು. ನಾಲ್ಕು ಭೂತಗಳು ಬೆನ್ನಟ್ಟುವವು. ನಮ್ಮ ಹುಲಿಕಟ್ಟಿನ ಆಟಕ್ಕೆ ಕಾಲು ಬಂದಂತೆ ಇದೆಯೆಂದು ನಮಗೆ ತೋರಿತು.

ಆ ಕಾಲದ ಯಂತ್ರದಲ್ಲಿ ಆ ಆಟಕ್ಕೆಂದೇ ಹೆಣೆದ ವಿದ್ಯುನ್ಮಂಡಲವಿರುತ್ತಿತ್ತು. ಹಾಗಾದರೆ ಮನೆಯ ಕಂಪ್ಯೂಟರು ಅದನ್ನು ಆಡಿಸುವದು ಹೇಗೆ? ಇದನ್ನು ಮಕ್ಕಳಿಗೆ ತಿಳಿಸಲು ನಾವು ದೂರ ಹೋಗಬೇಕಾಗಲಿಲ್ಲ. ಮೂಡಲಗಿ ತಾಲೂಕಿನ ಕುಲಗೋಡವು ಶ್ರೀಕೃಷ್ಣ ಪಾರಿಜಾತದ ತಮ್ಮಣ್ಣನವರ ಊರು. ಪಾರಿಜಾತದಲ್ಲಿ ಗಂಡಸು ಸತ್ಯಭಾಮೆಯ ವೇಷ ತೊಟ್ಟು ಬಂದರೆ, ಸಭೆಗೆ ಆತನು ಭಾಮೆಯೇ ಸರಿ. ಅದರಂತೆ ಕಂಪ್ಯೂಟರೂ ಹಳೆಯ ಯಂತ್ರದ ವೇಷ ಧರಿಸುವದು. ಆ ವೇಷವನ್ನು ಒದಗಿಸುವ ಸಾಫ್ಟ್‌ವೇರಿಗೆ ಮೇಮ್ ಎಂದು ಹೆಸರು. ಇಟಲಿಯ ನಿಕೋಲಾ ಸಾಲ್ಮೋರಿಯಾ ಎಂಬವರು 1997ರಲ್ಲಿ ಇದನ್ನು ಪ್ರಕಟಿಸಿದರು. 2016ರಿಂದ ಅದರ ಮೂಲಬರಹವು ಯಾರಾದರೂ ತೆರೆದು ನೋಡಿ ತಿದ್ದಬಹುದಾದ ಮುಕ್ತ ತಂತ್ರಾಂಶವಾಗಿದೆ.

ಆದರೆ ವೇಷವಿದ್ದರೆ ಸಾಲದು, ಪದಗಳೂ ಬರಬೇಕಷ್ಟೆ. ಆಟದ ಪದಗಳು ಹಳೆಯ ಯಂತ್ರದ ಚಿಪ್ಪಿನಲ್ಲಿ ಅಡಗಿರುವವು. ಅವುಗಳ ಪ್ರತಿಗೆ ರಾಮ್ ಅಲ್ಲ, ರೋಮ್ ಎನ್ನುವರು. (ಈ ಎರಡು ಶಬ್ದಗಳನ್ನು ನಮ್ಮ ಮೊಮ್ಮಗನು ನಮಗೆ ಮೂರು ಸಲ ಬಿಡಿಸಿ ಹೇಳಿದನು.) ಮೇಮ್ ಉಚಿತವಾದರೂ ಪ್ಯಾಕ್‌ಮ್ಯಾನ್ ಮೊದಲಾದವುಗಳ ಹಕ್ಕು ಅವುಗಳ ಒಡೆಯರದೇ. ಪರರ ಗ್ರಂಥವನ್ನು ಕದ್ದು ಅಚ್ಚು ಹಾಕುವದು ತಪ್ಪಾದರೆ ಇದೂ ತಪ್ಪು. ಹಕ್ಕುದಾರರೇ ಮಾರುವ ಹಳೆಯ ಆಟಗಳ ಸಂಗ್ರಹಗಳಿವೆ; ಮನೆಯ ಉಪಯೋಗಕ್ಕೆಂದು ಒಡೆಯರೇ ಬಿಟ್ಟುಕೊಟ್ಟ ಕೆಲವು ಆಟಗಳು ಮೇಮ್‌ನವರ ಬಳಿಯಲ್ಲಿಯೇ ದೊರೆಯುವವು. ನಾವು ಇವೆರಡರಿಂದಲೇ ಆಯ್ದೆವು. ಸಾವಿರ ಆಟ ತುಂಬಿದ ಪೆಟ್ಟಿಗೆಯಲ್ಲಿ ಹುಡುಗರು ಒಂದನ್ನೂ ಕಲಿಯುವದಿಲ್ಲ, ಏಳೆಂಟೇ ಸಾಕು.

ಇನ್ನು ಕಟ್ಟಡ. ಆಳೆತ್ತರದ ಕಪಾಟಿಗೆ ಎಂಟಡಿ ನಾಲ್ಕಡಿಯ ಪ್ಲೈವುಡ್ ಹಾಳೆ ಎರಡಾದರೂ ಬೇಕಾದೀತು. ಮೇಜಿನ ಮೇಲಿಡುವಷ್ಟು ಚಿಕ್ಕದಾದರೆ ಒಂದೇ ಹಾಳೆ ಸಾಕು. ಸಾಮಾನ್ಯ ಗೃಹಸ್ಥನಿಗೆ ಇದೇ ಹಿತ. ಹಲಗೆಯನ್ನು ಕೊಯ್ಯುವ ಮುಂಚೆ ರಟ್ಟಿನಲ್ಲಿ ಪೂರ್ಣಾಳತೆಯ ಮಾದರಿಯನ್ನು ಕತ್ತರಿಸಿ ನಿಲ್ಲಿಸತಕ್ಕದ್ದು. ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ ಮೊಣಕೈ ಎಲ್ಲಿಗೆ ಬರುವದೆಂದು ಗುರುತು ಹಾಕಿದರೆ ಗುಂಡಿಗಳ ಹಲಗೆಯ ಎತ್ತರವು ತಾನಾಗಿ ಗೊತ್ತಾಗುವದು. ಹದಿನೆಂಟು ಮಿಲಿಮೀಟರಿನ ಪ್ಲೈವುಡ್ಡು ಗಟ್ಟಿ. ಗುಂಡಿಗಳಿಗೆ ಮೂವತ್ತು ಅಥವಾ ಇಪ್ಪತ್ತೆಂಟು ಮಿಲಿಮೀಟರಿನ ತೂತು ಬೇಕಾಗುವದು. ಗುಂಡಿಯನ್ನು ಕೈಯಲ್ಲಿ ಹಿಡಿದೇ ಬಡಿಗರಿಗೆ ಹೇಳಿರಿ. ಹಳೆಯ ಹದಿನೇಳು ಅಂಗುಲದ, ಅಗಲ ಕಡಿಮೆಯಾದ ಮಾನಿಟರು ಮನೆಯಲ್ಲಿದ್ದರೆ ಅದನ್ನು ಎಸೆಯಬೇಡಿರಿ. ಇಂದಿನ ಅಗಲವಾದ ಪರದೆಗಿಂತ ಹಳೆಯ ಆಟಗಳಿಗೆ ಅದೇ ಒಪ್ಪುವದು.

ಗುಂಡಿಯ ಕೆಳಗೆ ಚಿಕ್ಕದೊಂದು ಸ್ವಿಚ್ಚಿರುವದು. ಒತ್ತಿದಾಗ ಎರಡು ತಂತಿಗಳು ಕೂಡಿ, ಎನ್‌ಕೋಡರ್ ಎಂಬ ಹಸ್ತಪ್ರಮಾಣದ ಫಲಕಕ್ಕೆ ಸುದ್ದಿ ಮುಟ್ಟುವದು. ಫಲಕವು ಅದನ್ನು ಯುಎಸ್‌ಬಿ ತಂತಿಯಿಂದ ಕಂಪ್ಯೂಟರಿಗೆ ಒಪ್ಪಿಸುವದು. ಎಂಟು ವರುಷದ ಮೊಮ್ಮಗಳು ಈ ತಂತಿಗಳನ್ನೆಲ್ಲ ತಾನೇ ಸಿಕ್ಕಿಸಿದಳು. ಇಲ್ಲಿ ಹರಿಯುವದು ಐದೇ ವೋಲ್ಟು, ಭಯವಿಲ್ಲ. ಜಾಯ್‌ಸ್ಟಿಕ್ ಮಾತ್ರ ಆಕೆಯನ್ನು ಎರಡು ದಿನ ಕಾಡಿತು. ಹಳದಿಯ ಬಾಯಿಯು ತಿರುವುಗಳಲ್ಲಿ ನಿಂತುಬಿಡುತ್ತಿತ್ತು. ಕೋಲು ಎಂಟು ದಿಕ್ಕಿಗೆ ಹೊರಳುವದು, ಆಟಕ್ಕೆ ಬೇಕಾದುದು ನಾಲ್ಕೇ ಎಂಬುದನ್ನು ಅಣ್ಣತಂಗಿಯರು ಕೂಡಿ ಕಂಡುಹಿಡಿದು, ಕೆಳಗಿನ ಚೌಕಟ್ಟನ್ನು ತಿರುಗಿಸಿ ಕೂಡ್ರಿಸಿದರು. ಪಾಠಶಾಲೆಯಲ್ಲಿ ನಾವು ಮೂವತ್ತು ವರುಷ ಕಲಿಸಿದ ಯಾವ ಪ್ರಯೋಗವೂ ಮಕ್ಕಳ ಮೋರೆಯಲ್ಲಿ ಅಂಥ ಬೆಳಕನ್ನು ತಂದುದಿಲ್ಲ.

ಇನ್ನೂರ ಮೂವತ್ತು ವೋಲ್ಟಿನ ಕಡೆಗೆ ಮಾತ್ರ ಮಕ್ಕಳ ಕೈ ಹೋಗಲಾಗದು. ಗೋಕಾಕ ಜಲಪಾತದಲ್ಲಿ ಬಹು ಹಿಂದೆಯೇ ಘಟಪ್ರಭೆಯ ನೀರಿನಿಂದ ವಿದ್ಯುತ್ತನ್ನು ತೆಗೆದ ಸೀಮೆ ನಮ್ಮದು. ಹುಕ್ಕೇರಿಯ ಜನರು 1969ರಲ್ಲಿ ತಮ್ಮದೇ ಸಹಕಾರಿ ಸಂಘವನ್ನು ಕಟ್ಟಿ ಹಳ್ಳಿಹಳ್ಳಿಗೆ ದೀಪ ಮುಟ್ಟಿಸಿದರು. ಅಷ್ಟು ಹಳೆಯ ಪರಿಚಯವಿದ್ದರೂ ಅರ್ಥಿಂಗ್ ಇಲ್ಲದ ಗೂಟಕ್ಕೆ ಯಂತ್ರವನ್ನು ಸಿಕ್ಕಿಸುವವರು ಇಂದಿಗೂ ಉಂಟು. ಬಲ್ಲ ಎಲೆಕ್ಟ್ರಿಶಿಯನ್ನರನ್ನು ಒಮ್ಮೆ ಕರೆಯಿಸಿರಿ. ಗಾಳಿಮಳೆಗೆ ವಿದ್ಯುತ್ತು ಹೋಗಿಬರುವ ಊರಾದರೆ ಯುಪಿಎಸ್ ಇಡಿರಿ. ಕಪಾಟಿನ ಕೆಳಗೂ ಮೇಲೂ ಗಾಳಿಯ ಕಿಂಡಿಗಳಿರಲಿ. ನಮ್ಮ ಚೈತ್ರ ವೈಶಾಖದ ಸೆಕೆಯಲ್ಲಿ ಮುಚ್ಚಿದ ಪೆಟ್ಟಿಗೆಯೊಳಗೆ ಕಂಪ್ಯೂಟರು ಬೇಯುವದು.

ಮೊದಲು ಮೊಮ್ಮಗನಿಗೆ ಅಂಗಡಿಯ ಸಿದ್ಧ ಯಂತ್ರವೇ ಬೇಕಾಗಿತ್ತು. ಮೃಚ್ಛಕಟಿಕದ ಬಾಲಕ ರೋಹಸೇನನೂ ನೆರೆಮನೆಯ ಹುಡುಗನ ಬಂಗಾರದ ಬಂಡಿಯನ್ನು ಕಂಡು, ತನಗೆ ಮಾಡಿಕೊಟ್ಟ ಮಣ್ಣಿನ ಬಂಡಿಯನ್ನು ಒಲ್ಲೆನೆಂದು ಅತ್ತನಲ್ಲವೇ? ಶೂದ್ರಕನು ಮಕ್ಕಳನ್ನು ಚೆನ್ನಾಗಿ ಬಲ್ಲವನು. ಮನೆಯಲ್ಲಿ ಮಾಡಿದ್ದೆಂಬ ಮಾತ್ರಕ್ಕೆ ಹುಡುಗರು ಮೆಚ್ಚುವದಿಲ್ಲ, ಅದು ಅಂದವೂ ಆಗಿರಬೇಕು. ಆದುದರಿಂದ ಪಕ್ಕದ ಹಲಗೆಗಳನ್ನು ಗೋಕಾಕಕ್ಕೆ ಒಯ್ದು, ಗೊಂಬೆಗಳಿಗೆ ಬಣ್ಣ ಹಾಕುವ ವೃದ್ಧರೊಬ್ಬರ ಮುಂದೆ ಇಟ್ಟೆವು. ಪರದೇಶದ ಭೂತಗಳ ಚಿತ್ರವನ್ನು ತೋರಿಸಲು ಅವರು ನಕ್ಕು, “ಮಾಸ್ತರರೆ, ಇವು ನಮಗೆ ಬ್ಯಾಡ್ರಿ” ಎಂದು ಒಂದು ಬದಿಗೆ ಗಿಳಿ, ಒಂದು ಬದಿಗೆ ಮಾವಿನ ಗೊಂಚಲು ಬರೆದುಕೊಟ್ಟರು. ಬಹುದಿನದ ಮೇಲೆ ಇಷ್ಟು ದೊಡ್ಡ ಹಲಗೆ ಕೈಗೆ ಬಂತೆಂದು ಅವರು ಹೇಳಿದ ಮಾತನ್ನು ನಾವು ಮರೆತಿಲ್ಲ. ಹಣವನ್ನು ಚೌಕಾಶಿ ಮಾಡದೆ ಕೊಟ್ಟೆವು.

ಈಗ ಸಂಜೆ ದೀಪ ಹಚ್ಚಿದ ಬಳಿಕ ಒಂದು ಗಂಟೆ ಕಪಾಟಿನ ಮುಂದೆ ಸಾಲು ನಿಲ್ಲುವದು. ನೆರೆಯ ಹುಡುಗರು ಬರುವರು, ಅಳಿಯಂದಿರೂ ಬರುವರು. ಸರದಿಗಾಗಿ ಜಗಳವಾಗಿ ಅಲ್ಲಿಯೇ ತೀರ್ಮಾನವಾಗುವದು. ಯಂತ್ರದ ಹಿಂಬಾಗಿಲಿಗೆ ಕೀಲಿ ಹಾಕಿದೆ. ಅದರ ಕೀಲಿಕೈ ಬೀಗಿತ್ತಿಯವರ ಸೆರಗಿನ ಗಂಟಿನಲ್ಲಿದೆ. ಈಚೆಗೆ ಹೆಚ್ಚು ಅಂಕಗಳ ಪಟ್ಟಿಯಲ್ಲಿ ಅವರ ಹೆಸರೂ ಕಾಣಿಸತೊಡಗಿದೆ.