ಹಳೆಯ ಕಿರುಲೋಡರು ಯಂತ್ರದ ದೋಷಪರೀಕ್ಷೆ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನೀರು ದೊರೆತ ಮೇಲೆ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲೂಕುಗಳ ಎರೆಹೊಲಗಳ ಬಹುಭಾಗವು ಕಬ್ಬಿನ ಭೂಮಿಯಾಗಿ ಮಾರ್ಪಟ್ಟಿರುವುದು ಸರ್ವರಿಗೂ ತಿಳಿದ ಸಂಗತಿಯಾಗಿದೆ. ೧೯೮೯ರಲ್ಲಿ ಚಿಕ್ಕಪಡಸಲಗಿಯ ಹತ್ತಿರ ಒಕ್ಕಲಿಗರು ತಮ್ಮ ವಂತಿಗೆಯಿಂದಲೂ ಶ್ರಮದಿಂದಲೂ ಕೃಷ್ಣೆಗೆ ಅಡ್ಡಲಾಗಿ ಒಡ್ಡನ್ನು ಕಟ್ಟಿಕೊಂಡದ್ದು, ಅದಕ್ಕೆ ಶ್ರಮಬಿಂದು ಸಾಗರವೆಂಬ ಹೆಸರು ಬಂದದ್ದು, ಈ ಸೀಮೆಯ ಒಕ್ಕಲುತನದ ಚರಿತ್ರೆಯಲ್ಲಿ ಮರೆಯಲಾಗದ ಕಾರ್ಯವು. ನೀರು ಬಂದೊಡನೆ ಬೆಳೆ ಹೆಚ್ಚಿತು. ಬೆಳೆ ಹೆಚ್ಚಿದೊಡನೆ ಎತ್ತುವ, ಹೇರುವ, ಹರಡುವ ಕೆಲಸವೂ ಹೆಚ್ಚಿತು. ತಿಪ್ಪೆಗೊಬ್ಬರವನ್ನು ಹೊಲಕ್ಕೆ ಸಾಗಿಸುವುದು, ಸಕ್ಕರೆ ಕಾರ್ಖಾನೆಯ ಮಡ್ಡಿಯನ್ನು ಹೇರುವುದು, ಆಲೆಮನೆಯ ಸಿಪ್ಪೆಯನ್ನು ಒಟ್ಟುವುದು, ದನದ ಕೊಟ್ಟಿಗೆಯನ್ನು ಬಳಿಯುವುದು, ಇವುಗಳಿಗೆ ಹಂಗಾಮಿನಲ್ಲಿ ಆಳುಗಳು ದೊರೆಯುವುದು ದುರ್ಲಭವಾಗಿದೆ. ಆದಕಾರಣ ಅನುಕೂಲವುಳ್ಳವರು ಲೋಡರು ಯಂತ್ರಗಳತ್ತ ದೃಷ್ಟಿ ಹಾಯಿಸುತ್ತಾರೆ. ಹೊಸ ಯಂತ್ರದ ಬೆಲೆ ಕೈಗೆ ನಿಲುಕದವರು ಹಳೆಯದನ್ನು ಅರಸುತ್ತಾರೆ.

ಹಳ್ಳಿಗಳಲ್ಲಿ ಮಣ್ಣೆತ್ತುವ ಯಂತ್ರಗಳಿಗೆಲ್ಲ ಜೇಸೀಬಿಯೆಂಬ ಒಂದೇ ಹೆಸರು ರೂಢಿಯಲ್ಲಿದೆಯಾದರೂ ಅವುಗಳಲ್ಲಿ ಭೇದಗಳುಂಟು. ಇಲ್ಲಿ ವಿವರಿಸತಕ್ಕ ಯಂತ್ರಕ್ಕೆ ಸ್ಕಿಡ್ ಸ್ಟಿಯರ್ ಲೋಡರ್ ಎಂದು ಹೆಸರು; ಗಾತ್ರದಲ್ಲಿ ಗಿಡ್ಡನಾದುದರಿಂದ ಕಿರುಲೋಡರು ಎಂದರೆ ಸಾಕು. ಇದರ ಚಕ್ರಗಳು ಟ್ರಾಕ್ಟರಿನ ಮುಂಗಾಲಿಗಳಂತೆ ಹೊರಳುವುದಿಲ್ಲ. ಎಡಪಕ್ಕದ ಎರಡು ಚಕ್ರಗಳನ್ನೂ ಬಲಪಕ್ಕದ ಎರಡು ಚಕ್ರಗಳನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಿಸಿದಾಗ ಯಂತ್ರವು ನೆಲದ ಮೇಲೆ ಜಾರುತ್ತ, ನಿಂತ ಸ್ಥಳದಲ್ಲಿಯೇ ಸುತ್ತುತ್ತದೆ. ೧೯೫೭ರಲ್ಲಿ ಅಮೇರಿಕೆಯ ಮಿನೆಸೋಟ ಪ್ರಾಂತದಲ್ಲಿ ಕೆಲ್ಲರ್ ಎಂಬ ಸಹೋದರರಿಬ್ಬರು ಟರ್ಕಿ ಕೋಳಿಗಳ ಸಾಕಣೆಯ ಮನೆಯಲ್ಲಿ ಕಂಬಗಳ ನಡುವೆ ಹೊಕ್ಕು ಗೊಬ್ಬರ ಬಳಿಯುವುದಕ್ಕಾಗಿ ಇದರ ಮೂಲರೂಪವನ್ನು ಮೂರು ಚಕ್ರಗಳ ಮೇಲೆ ನಿರ್ಮಿಸಿದರು. ೧೯೬೦ರಲ್ಲಿ ನಾಲ್ಕು ಚಕ್ರದ ರೂಪವು ಹೊರಬಂದಿತು. ಹೀಗೆ ಕೊಟ್ಟಿಗೆಯ ಕೆಲಸಕ್ಕಾಗಿಯೇ ಹುಟ್ಟಿದ ಯಂತ್ರವು ತರುವಾಯ ರಸ್ತೆ ಕಟ್ಟಡಗಳ ಕೆಲಸಕ್ಕೂ ಹೋಯಿತು. ಒಕ್ಕಲಿಗನ ಕೈಗೆ ಬರುವ ಹಳೆಯ ಯಂತ್ರವು ಅನೇಕವೇಳೆ ಅಂಥ ಗುತ್ತಿಗೆ ಕೆಲಸದಲ್ಲಿ ದುಡಿದು ದಣಿದುದಾಗಿರುತ್ತದೆ.

ಒಬ್ಬ ಒಕ್ಕಲಿಗನು ಎರಡು ವರ್ಷಗಳ ಕಬ್ಬಿನ ಹಣವನ್ನು ಕೂಡಿಸಿ ಇಂತಹದೊಂದು ಯಂತ್ರವನ್ನು ಕೊಂಡನೆಂದು ಭಾವಿಸಬೇಕು. ತಿಂಗಳೊಳಗಾಗಿ ಅದರ ಬಲ ಕುಗ್ಗುತ್ತದೆ. ನೋಡಿದವರೆಲ್ಲರೂ “ಪಂಪು ಹೋಗಿದೆ” ಎನ್ನುತ್ತಾರೆ. ಆತನು ಸಾಲಮಾಡಿ ಪಂಪನ್ನು ಬದಲಿಸುತ್ತಾನೆ, ಬಲವು ಮರಳುವುದಿಲ್ಲ. ಕಡೆಗೆ ನೋಡಲಾಗಿ ದೋಷವು ಎಣ್ಣೆ ಎಳೆಯುವ ನಳಿಕೆಯ ಸಡಿಲವಾದ ಹಿಡಿಕೆಯಲ್ಲಿತ್ತು. ದೋಷವನ್ನು ಕಂಡುಹಿಡಿಯದೆ ಭಾಗವನ್ನು ಬದಲಿಸುವುದೇ ಹಳೆಯ ಯಂತ್ರದಲ್ಲಿ ಅತ್ಯಂತ ದುಬಾರಿಯಾದ ರಿಪೇರಿಯು. ಯಂತ್ರವು ತನ್ನ ರೋಗವನ್ನು ತಾನೇ ಹೇಳುತ್ತದೆ. ಎರಡು ಪಕ್ಕಗಳನ್ನು ಒಂದಕ್ಕೊಂದು ಹೋಲಿಸಿ ನೋಡುವ ಕ್ರಮವು ಗೊತ್ತಿದ್ದರೆ ಸಾಕು.

ಇದಕ್ಕಾಗಿ ಒಳಗಿನ ರಚನೆಯನ್ನು ಕೊಂಚ ತಿಳಿಯುವುದು ಅವಶ್ಯವು. ಹಿಂಬದಿಯಲ್ಲಿರುವ ಡೀಸೆಲ್ ಇಂಜಿನು ಎರಡು ದೊಡ್ಡ ಪಂಪುಗಳನ್ನು ತಿರುಗಿಸುತ್ತದೆ. ಒಂದು ಪಂಪಿನ ಎಣ್ಣೆಯು ಎಡಪಕ್ಕದ ಮೋಟಾರಿಗೂ ಮತ್ತೊಂದರದು ಬಲಪಕ್ಕದ ಮೋಟಾರಿಗೂ ಹೋಗುತ್ತದೆ. ಮೋಟಾರು ಚೈನುಗಳ ಮೂಲಕ ಆ ಪಕ್ಕದ ಎರಡೂ ಚಕ್ರಗಳನ್ನು ತಿರುಗಿಸುತ್ತದೆ. ಈ ಎರಡು ಸುತ್ತುಗಳಲ್ಲಿ ಸೋರಿ ಕಡಿಮೆಯಾದ ಎಣ್ಣೆಯನ್ನು ತುಂಬಿಕೊಡುವುದಕ್ಕೆ ಚಾರ್ಜ್ ಪಂಪೆಂಬ ಚಿಕ್ಕ ಪಂಪೊಂದು ಉಂಟು. ತೋಳುಗಳನ್ನೂ ಬಕೆಟ್ಟನ್ನೂ ಎತ್ತುವುದಕ್ಕೆ ಹಲ್ಲುಗಾಲಿಯ ಪಂಪು ಬೇರೆಯೇ ಇರುತ್ತದೆ. ಸಾಮಾನ್ಯವಾಗಿ ಇವೆಲ್ಲಕ್ಕೂ ಎಣ್ಣೆಯ ಟಾಕಿ ಒಂದೇ.

ಇಷ್ಟು ತಿಳಿದ ಮೇಲೆ ತರ್ಕವು ಸುಲಭವು. ಒಂದು ಪಕ್ಕ ಮಾತ್ರ ಬಲಹೀನವಾಗಿ, ಯಂತ್ರವು ಏರಿನಲ್ಲಿ ಆ ಕಡೆಗೆ ಎಳೆಯುತ್ತಿದ್ದರೆ, ದೋಷವು ಆ ಪಕ್ಕದ ಪಂಪು, ಮೋಟಾರು, ಸನ್ನೆಯ ಜೋಡಣೆ, ಚೈನು ಅಥವಾ ಚಕ್ರದಲ್ಲಿರುತ್ತದೆ. ಎರಡು ಪಕ್ಕಗಳೂ ಒಟ್ಟಿಗೆ ಸೋತು ತೋಳುಗಳು ಮಾತ್ರ ಎಂದಿನಂತೆ ಎತ್ತುತ್ತಿದ್ದರೆ, ಎರಡು ದೊಡ್ಡ ಪಂಪುಗಳು ಒಂದೇ ದಿನ ಕೆಟ್ಟವೆಂದು ನಂಬುವುದು ಯುಕ್ತವಲ್ಲ. ಎರಡಕ್ಕೂ ಸಾಮಾನ್ಯವಾದ ಚಾರ್ಜ್ ಪಂಪಿನ ಒತ್ತಡವನ್ನೂ ಅದರ ಫಿಲ್ಟರನ್ನೂ ಪರೀಕ್ಷಿಸತಕ್ಕದ್ದು. ಚಕ್ರಗಳು ಗಟ್ಟಿಯಾಗಿದ್ದು ತೋಳು ಬಕೆಟ್ಟುಗಳೆರಡೂ ಸೋತಿದ್ದರೆ ಹಲ್ಲುಗಾಲಿಯ ಪಂಪಾಗಲಿ ಒತ್ತಡ ತಡೆಯುವ ರಿಲೀಫ್ ವಾಲ್ವಾಗಲಿ ಕಾರಣವು. ಬಕೆಟ್ಟು ಬಲವಾಗಿದ್ದು ತೋಳು ಮಾತ್ರ ಏಳದಿದ್ದರೆ ಪಂಪಿಗೆ ಕೈಹಚ್ಚುವ ಕಾರಣವೇ ಇಲ್ಲ. ತೋಳಿನ ಸಿಲಿಂಡರುಗಳ ಸೀಲನ್ನೂ ಅದರ ವಾಲ್ವನ್ನೂ ನೋಡಬೇಕು. ಚಕ್ರ, ತೋಳು, ಬಕೆಟ್ಟು ಮೂರೂ ಏಕಕಾಲಕ್ಕೆ ಸೋತವೆಂದರೆ ಟಾಕಿಯಲ್ಲಿ ಎಣ್ಣೆಯಿದೆಯೋ, ಇಂಜಿನಿನಲ್ಲಿಯೇ ಬಲ ಉಳಿದಿದೆಯೋ ಎಂದು ಮೊದಲು ವಿಚಾರಿಸತಕ್ಕದ್ದು.

ಒಂದು ಪಕ್ಕದ ದೋಷವು ಪಂಪಿನದೋ ಮೋಟಾರಿನದೋ ಎಂಬ ಸಂಶಯವನ್ನು ಬಿಡಿಸುವುದಕ್ಕೆ ಅನುಭವಿಗಳಾದ ಫಿಟ್ಟರುಗಳು ಒಂದು ಉಪಾಯವನ್ನು ಮಾಡುತ್ತಾರೆ. ಯಂತ್ರವನ್ನು ಭದ್ರವಾದ ದಿಮ್ಮಿಗಳ ಮೇಲೆ ಚಕ್ರಗಳು ನೆಲಕ್ಕೆ ತಾಗದಂತೆ ನಿಲ್ಲಿಸಿ, ಒತ್ತಡವನ್ನು ಸಂಪೂರ್ಣ ಇಳಿಸಿ, ಎರಡು ಪಕ್ಕಗಳ ಹೋಸುಗಳನ್ನು ಅದಲುಬದಲು ಮಾಡುತ್ತಾರೆ. ಬಲಹೀನತೆಯು ಇನ್ನೊಂದು ಪಕ್ಕಕ್ಕೆ ವರ್ಗವಾದರೆ ಪಂಪು ಅಪರಾಧಿ. ಇದ್ದ ಪಕ್ಕದಲ್ಲಿಯೇ ಉಳಿದರೆ ಮೋಟಾರು. ಧೂಳಿನ ಅಂಗಳದಲ್ಲಿ ಈ ಕಾರ್ಯವನ್ನು ಕೈಕೊಳ್ಳಕೂಡದು. ಬಿಚ್ಚಿದ ಬಾಯಿಗಳನ್ನು ತಕ್ಷಣ ಮುಚ್ಚಬೇಕು. ಒಳಹೊಕ್ಕ ಒಂದು ಚಿಟಿಕೆ ಮರಳು ಒಳ್ಳೆಯ ಪಂಪನ್ನೂ ಕೆಡಿಸುವುದಕ್ಕೆ ಸಾಕು.

ಮುಂಜಾನೆ ಚೆನ್ನಾಗಿ ದುಡಿದು ಮಧ್ಯಾಹ್ನಕ್ಕೆ ಸೋಲುವ ಯಂತ್ರವನ್ನು ವಿಶೇಷವಾಗಿ ಗಮನಿಸಬೇಕು. ಎಣ್ಣೆಯು ಕಾದಂತೆ ತೆಳುವಾಗುತ್ತದೆ. ಸವೆದ ಪಂಪಿನೊಳಗಿನ ಸಂದುಗಳಲ್ಲಿ ತೆಳುವಾದ ಎಣ್ಣೆಯು ಸೋರಿ ಹಿಂದಕ್ಕೆ ಹೋಗುತ್ತದೆ. ಇಂತಹ ಯಂತ್ರವನ್ನು ಮಾರುವವನು ತಂಪು ಹೊತ್ತಿನಲ್ಲಿ ತೋರಿಸಬಯಸುವುದು ಸಹಜವೇ. ಕೊಳ್ಳುವವನು ಇಂಜಿನು ತಣ್ಣಗಿರುವಾಗಲೇ ಹೋಗಿ, ಮುಟ್ಟಿ ನೋಡಿ, ತಾನೇ ಮೊದಲ ಸಲ ಚಾಲೂ ಮಾಡಿಸಿ, ಅನಂತರ ಒಂದು ತಾಸಾದರೂ ಬಿಸಿಲಿನಲ್ಲಿ ಭಾರವನ್ನೆತ್ತಿಸಿ ನೋಡತಕ್ಕದ್ದು. ತಣ್ಣನೆಯ ಇಂಜಿನು ಆರಂಭದ ದೋಷವನ್ನೂ ಕಾದ ಎಣ್ಣೆಯು ಸವೆತದ ದೋಷವನ್ನೂ ಹೊರಗೆಡಹುತ್ತವೆ. ಹೊಸ ಬಣ್ಣವನ್ನು ಕಂಡು ಮರುಳಾಗಲಾಗದು. ತೋಳುಗಳ ಬೆಸುಗೆಯ ಮೇಲೆ ಮಾತ್ರ ಬಣ್ಣವು ಹೊಸದಾಗಿದ್ದರೆ ಅದರ ಕೆಳಗೆ ಬಿರುಕಿದೆಯೇ ಎಂದು ಕೆರೆದು ನೋಡುವುದರಲ್ಲಿ ಅವಮರ್ಯಾದೆ ಏನೂ ಇಲ್ಲ. ತಾಸುಗಳನ್ನೆಣಿಸುವ ಮೀಟರಿಗಿಂತ ಸವೆದ ಪೆಡಲು, ಹರಿದ ಆಸನ, ಅಲುಗಾಡುವ ಪಿನ್ನು ಬುಶ್ಶುಗಳೇ ಯಂತ್ರದ ವಯಸ್ಸನ್ನು ನಿಜವಾಗಿ ಹೇಳುತ್ತವೆ. ಕಾಗದಪತ್ರಗಳಲ್ಲಿಯ ಇಂಜಿನು ಮತ್ತು ಚಾಸಿಯ ಸಂಖ್ಯೆಗಳು ಯಂತ್ರದ ಮೇಲಿನವುಗಳಿಗೆ ಸರಿಹೊಂದುವುವೇ, ಅದರ ಮೇಲೆ ಸಾಲದ ಬಾಕಿ ಇದೆಯೇ ಎಂಬುದನ್ನೂ ಹಣ ಕೊಡುವ ಮೊದಲೇ ನೋಡುವುದು.

ಎಣ್ಣೆಯನ್ನು ತೋಳುಗಳು ನೆಲಕ್ಕಿಳಿದಿರುವಾಗ ಅಳೆಯಬೇಕು. ಅದು ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ನೊರೆಗಟ್ಟಿದ್ದು ಪಂಪು ಕೀರಲುಗುಟ್ಟುತ್ತಿದ್ದರೆ ಎಳೆಯುವ ನಳಿಕೆಯಲ್ಲಿ ಗಾಳಿ ನುಗ್ಗುತ್ತಿದೆ. ಹಳೆಯ ಫಿಲ್ಟರನ್ನು ಎಸೆಯುವ ಮೊದಲು ಕತ್ತರಿಸಿ ಬಿಡಿಸಿ ನೋಡತಕ್ಕದ್ದು. ಅದರ ಮಡಿಕೆಗಳಲ್ಲಿ ಹಿತ್ತಾಳೆಯ ಬಣ್ಣದ ಹೊಳೆಯುವ ಪುಡಿಯಾಗಲಿ ಉಕ್ಕಿನ ಚೂರುಗಳಾಗಲಿ ಕಂಡರೆ ಪಂಪು ಅಥವಾ ಮೋಟಾರು ತನ್ನನ್ನೇ ತಾನು ತಿನ್ನುತ್ತಿದೆಯೆಂದು ತಿಳಿಯಬೇಕು. ಆಗ ಫಿಲ್ಟರೊಂದನ್ನು ಬದಲಿಸಿ ಸುಮ್ಮನಾದರೆ ಕೆಲಸವಾಗದು.

ಇಂಜಿನಿನ ವಿಷಯವು ಟ್ರಾಕ್ಟರುಗಳ ರೂಢಿಯುಳ್ಳವರಿಗೆ ಹೊಸದಲ್ಲ. ನೀಲಿ ಹೊಗೆಯು ಎಣ್ಣೆ ಉರಿಯುವುದನ್ನೂ, ಕಾದ ಮೇಲೂ ಬಿಡದ ಬಿಳಿ ಹೊಗೆಯು ಡೀಸೆಲ್ ಅರೆ ಉರಿಯುವುದನ್ನು ಅಥವಾ ನೀರು ಒಳಸೇರುವುದನ್ನೂ, ಕಪ್ಪು ಹೊಗೆಯು ಅನೇಕವೇಳೆ ಗಾಳಿಯ ಫಿಲ್ಟರು ಕಟ್ಟಿರುವುದನ್ನೂ ಸೂಚಿಸುತ್ತವೆ. ಚಾಲೂ ಆಗಿ ಸ್ವಲ್ಪ ಹೊತ್ತಿಗೆ ನಿಲ್ಲುವ ಇಂಜಿನಿನಲ್ಲಿ ಟಾಕಿಯ ಮುಚ್ಚಳದ ಗಾಳಿರಂಧ್ರ, ಡೀಸೆಲ್ ಫಿಲ್ಟರು, ನಳಿಕೆಯಲ್ಲಿ ಸೇರಿದ ಗಾಳಿ ಇವುಗಳನ್ನು ನೋಡುವುದು. ಚಾಲೂ ಆಗದಿದ್ದಲ್ಲಿ ಬ್ಯಾಟರಿಯ ತುದಿಗಳನ್ನೂ ಚಾಸಿಗೆ ಹೋಗುವ ಅರ್ಥಿಂಗ್ ತಂತಿಯನ್ನೂ ಉಜ್ಜಿ ಬಿಗಿಮಾಡಿದ ಮೇಲೆಯೇ ಬೇರೆ ವಿಚಾರ.

ಈ ಸೀಮೆಯ ವಿಶೇಷ ಶತ್ರುಗಳು ಎರಡು. ಮೊದಲನೆಯದು ಕಬ್ಬಿನ ರವದಿ ಮತ್ತು ಸಿಪ್ಪೆಯ ಧೂಳು. ಇದು ರೇಡಿಯೇಟರಿನ ಜಾಲದಲ್ಲಿ ಕಂಬಳಿಯಂತೆ ಹೊದ್ದುಕೊಂಡು ಇಂಜಿನನ್ನೂ ಎಣ್ಣೆಯನ್ನೂ ಕಾಯಿಸುತ್ತದೆ. ಬೇಸಗೆಯಲ್ಲಿ ಬಿಸಿಲೇ ನಾಲ್ವತ್ತು ಅಂಶ ಮೀರುವ ಊರುಗಳಲ್ಲಿ ಇದರ ಪರಿಣಾಮವನ್ನು ಹೇಳಬೇಕಾದುದಿಲ್ಲ. ಫ್ಯಾನಿನ ಗಾಳಿ ಹೋಗುವ ದಿಕ್ಕಿಗೆ ವಿರುದ್ಧವಾಗಿ ಊದಿ ದಿನಾಲು ಶುಚಿಮಾಡಬೇಕು. ಇದೇ ರವದಿಯು ಹೊಟ್ಟೆಯ ಕೆಳತಗಡಿನಲ್ಲಿ ಸೋರಿದ ಎಣ್ಣೆಯೊಡನೆ ಸೇರಿ, ಕಾದ ಹೊಗೆನಳಿಕೆಯ ಹತ್ತಿರ ಬೆಂಕಿಯನ್ನು ಕಾಯುತ್ತಿರುತ್ತದೆ. ಎರಡನೆಯದು ಎರೆಯ ಕೆಸರು. ಅದು ಅಚ್ಚಿನ ಸೀಲುಗಳ ಸುತ್ತ ಮೆತ್ತಿ ಒಣಗಿ ಅವುಗಳನ್ನು ಕೊರೆಯುತ್ತದೆ; ಬಳಿಕ ನೀರು ಚೈನುಪೆಟ್ಟಿಗೆಯೊಳಗೆ ಇಳಿಯುತ್ತದೆ. ಚಕ್ರವನ್ನೆತ್ತಿ ಕೈಯಿಂದ ಹಿಂದೆ ಮುಂದೆ ಆಡಿಸಿದರೆ ಚೈನಿನ ಸಡಿಲವೂ, ಮೇಲೆ ಕೆಳಗೆ ಆಡಿಸಿದರೆ ಬೇರಿಂಗಿನ ಸವೆತವೂ ಗೊತ್ತಾಗುತ್ತವೆ. ಒಂದು ಪಕ್ಕದ ಎರಡು ಚಕ್ರಗಳು ಚೈನಿನಿಂದ ಬಂಧಿತವಾಗಿರುವ ಕಾರಣ ಅವುಗಳ ಟಾಯರುಗಳು ಒಂದೇ ಅಳತೆಯವಿರಬೇಕು. ಹೊಸದೊಂದು ಸವೆದುದೊಂದು ಹಾಕಿದರೆ ಒಂದು ಚಕ್ರವು ಇನ್ನೊಂದನ್ನು ಎಳೆದಾಡಿ ಚೈನು ಬೇಗ ನಶಿಸುತ್ತದೆ. ಯಂತ್ರವು ಒಂದು ಕಡೆಗೆ ಎಳೆಯುತ್ತಿರುವಾಗಲೂ ಮೊದಲು ಟಾಯರುಗಳ ಗಾಳಿಯನ್ನು ಸಮಮಾಡಿ ನೋಡುವುದು, ಇದಕ್ಕೆ ಖರ್ಚಿಲ್ಲ.

ಚೈನು, ಬೇರಿಂಗು, ಬುಶ್ಶುಗಳ ಕೆಲಸಕ್ಕೆ ಈ ಭಾಗದಲ್ಲಿ ಕೈಗಳ ಕೊರತೆಯಿಲ್ಲ. ರಬಕವಿ-ಬನಹಟ್ಟಿಯ ಮಗ್ಗಗಳನ್ನೂ ಮಹಾಲಿಂಗಪುರದ ಸುತ್ತಿನ ಗಾಣಗಳನ್ನೂ ನಡೆಸುತ್ತ ಬಂದವರಿಗೆ ಸವೆದ ಬುಶ್ಶನ್ನು ಗುರುತಿಸುವುದು ಕಷ್ಟವೇನಲ್ಲ. ಒತ್ತಡದ ಎಣ್ಣೆಯ ಕೆಲಸ ಮಾತ್ರ ಬೇರೆಯದು. ಒತ್ತಡ ಅಳೆಯುವ ಗೇಜಿಲ್ಲದ ಫಿಟ್ಟರನಿಗೆ ಪಂಪನ್ನು ಒಪ್ಪಿಸದಿರುವುದು ಲೇಸು.

ಪರೀಕ್ಷೆಯ ಕಾಲದಲ್ಲಿ ಜೀವಾಪಾಯವುಂಟು. ಕಿರುಲೋಡರಿನ ಆಸನಕ್ಕೆ ಹತ್ತುವ ದಾರಿಯು ಮುಂದಿನಿಂದ, ತೋಳುಗಳ ನಡುವೆಯೇ ಇರುವುದರಿಂದ ಇದು ಬೇರೆ ಯಂತ್ರಗಳಿಗಿಂತ ಹೆಚ್ಚು. ಎತ್ತಿದ ತೋಳುಗಳು ಸೀಲಿನ ಸೋರಿಕೆಯಿಂದಾಗಲಿ ಹೋಸು ಒಡೆದುದರಿಂದಾಗಲಿ ಕೆಳಗಿಳಿಯಬಹುದು. ಯಂತ್ರದೊಡನೆ ಬರುವ ಉಕ್ಕಿನ ಆಧಾರವನ್ನು ಸಿಲಿಂಡರಿನ ಮೇಲೆ ಕೂರಿಸದೆ ಯಾರೂ ಅವುಗಳ ಕೆಳಗೆ ತಲೆಹಾಕಕೂಡದು. ಹಳೆಯ ಯಂತ್ರದಲ್ಲಿ ಆ ಆಧಾರವು ಕಳೆದುಹೋಗಿದ್ದರೆ ಮೊದಲ ಖರ್ಚು ಅದರದಾಗಲಿ. ಆಸನದ ಮುಂದಿನ ಕಂಬಿಯನ್ನು ಇಳಿಸಿಕೊಳ್ಳದೆ ಯಂತ್ರವು ಚಲಿಸದಂತೆ ತಡೆಯುವ ಸ್ವಿಚ್ಚುಗಳುಂಟು. ಅವು ಕೆಟ್ಟಾಗ ತಂತಿಯ ತುಂಡನ್ನು ಜೋಡಿಸಿ ಕೆಲಸ ಸಾಗಿಸುವ ದುರಭ್ಯಾಸವು ಉಂಟು. ಕೊಂಡ ಯಂತ್ರದಲ್ಲಿ ಅಂತಹ ತಂತಿ ಕಂಡುಬಂದರೆ ಅದನ್ನು ಕಿತ್ತು ಸ್ವಿಚ್ಚನ್ನು ಸರಿಪಡಿಸುವವರೆಗೆ ಯಂತ್ರವನ್ನು ಅಂಗಳದಿಂದ ಹೊರಗೆ ಒಯ್ಯಲಾಗದು. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆಯು ಕಣ್ಣಿಗೆ ಕಾಣದು. ಕೈಯಿಂದ ತಡವಿದರೆ ಚರ್ಮವನ್ನು ತೂರಿ ಒಳಹೊಗುತ್ತದೆ. ರಟ್ಟಿನ ತುಂಡನ್ನು ಹಿಡಿದು ಸೋರಿಕೆಯನ್ನು ಹುಡುಕತಕ್ಕದ್ದು. ಗಾಯವು ಮುಳ್ಳು ಚುಚ್ಚಿದಷ್ಟೇ ಕಂಡರೂ ನೋವಿಲ್ಲವೆಂದು ಸುಮ್ಮನಿರದೆ ಆ ಕ್ಷಣವೇ ಶಸ್ತ್ರಚಿಕಿತ್ಸೆಯುಳ್ಳ ಆಸ್ಪತ್ರೆಗೆ ಹೋಗಿ, ಎಣ್ಣೆ ಒಳಹೊಕ್ಕಿದೆಯೆಂದು ಸ್ಪಷ್ಟವಾಗಿ ಹೇಳಬೇಕು. ತಡಮಾಡಿದ್ದರಿಂದ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳುವ ಸಂಭವವಿದೆ.

ಕಾರ್ಖಾನೆಗಳು ಕಬ್ಬು ನುರಿಸುವ ತಿಂಗಳುಗಳಲ್ಲಿ ಯಂತ್ರವನ್ನು ಬಿಚ್ಚಿ ಇಡುವುದು ಯಾರಿಗೂ ಸಾಧ್ಯವಾಗದು. ಚೈನುಪೆಟ್ಟಿಗೆಯ ಎಣ್ಣೆ ಬದಲಿಸುವುದು, ಹೊಟ್ಟೆಯ ತಗಡನ್ನು ಇಳಿಸಿ ತೊಳೆಯುವುದು, ಬಿರುಕುಬಿಟ್ಟ ಹೋಸುಗಳನ್ನು ತೆಗೆದುಹಾಕುವುದು, ಪಿನ್ನು ಬುಶ್ಶುಗಳನ್ನು ಹೊಸದುಮಾಡುವುದು, ಇವೆಲ್ಲವನ್ನೂ ಮುಂಗಾರಿನಲ್ಲಿ ಹೊಲವು ಹಸಿಯಾಗಿ ಯಂತ್ರವು ಹೇಗೂ ನಿಂತಿರುವ ದಿನಗಳಲ್ಲಿ ಮುಗಿಸಿಕೊಳ್ಳುವುದು. ಮಾಡಿದ ಕೆಲಸ, ಹಾಕಿದ ಎಣ್ಣೆ, ಮೀಟರಿನ ತಾಸು ಇವುಗಳನ್ನು ಒಂದು ಚಿಕ್ಕ ವಹಿಯಲ್ಲಿ ಬರೆದು ಆಸನದ ಹಿಂದೆ ಇಟ್ಟರೆ, ಮುಂದೆ ಬರುವ ಫಿಟ್ಟರನು ಅಲ್ಲಿಂದಲೇ ತನ್ನ ಪರೀಕ್ಷೆಯನ್ನು ಆರಂಭಿಸಬಹುದು.