ಅಸಲಿ ಕಾರ್ಟ್ರಿಜ್, ಕ್ಲೋನ್ ಯಂತ್ರ

ಮಕ್ಕಳೇ, ನಿಮ್ಮ ಅಪ್ಪ ಅಮ್ಮನನ್ನು “ಚಿಕ್ಕವರಿದ್ದಾಗ ನೀವೂ ವಿಡಿಯೋ ಗೇಮ್ ಆಡ್ತಿದ್ರಾ?” ಅಂತ ಒಮ್ಮೆ ಕೇಳಿ ನೋಡಿ. 1990ರ ದಶಕದಲ್ಲಿ ನಮ್ಮೂರುಗಳಲ್ಲಿ ಬೆಳೆದ ಬಹಳ ಜನಕ್ಕೆ ‘ಟಿವಿ ಗೇಮ್’ ಗೊತ್ತು. ಟಿವಿಗೆ ಜೋಡಿಸುವ ಒಂದು ಪೆಟ್ಟಿಗೆ, ಎರಡು ಕಂಟ್ರೋಲರ್, ಮೇಲಿಂದ ಸಿಕ್ಕಿಸುವ ಕಾರ್ಟ್ರಿಜ್, ಅದರೊಳಗೆ ಮಾರಿಯೋ, ಕಾಂಟ್ರಾ. ಆದರೆ ಆ ಪೆಟ್ಟಿಗೆಗಳಲ್ಲಿ ಹೆಚ್ಚಿನವುಗಳ ಮೇಲೆ ನಿಂಟೆಂಡೊ ಅನ್ನೋ ಹೆಸರೇ ಇರಲಿಲ್ಲ. ಯಾಕೆಂದರೆ ಅವು ಕ್ಲೋನ್‌ಗಳು, ಅಂದರೆ ಬೇರೆಯವರು ಮಾಡಿದ ತದ್ರೂಪಿ ಯಂತ್ರಗಳು.

ಮೊದಲು ಅಸಲಿಯ ಕಥೆ. ನಿಂಟೆಂಡೊ ಕಂಪನಿ 1983ರ ಜುಲೈ 15ರಂದು ಜಪಾನಿನಲ್ಲಿ ‘ಫ್ಯಾಮಿಕಾಮ್’ ಬಿಡುಗಡೆ ಮಾಡಿತು. ಅದೇ ಯಂತ್ರ ಹೊರರೂಪ ಬದಲಿಸಿಕೊಂಡು 1985ರಲ್ಲಿ ಎನ್‌ಇಎಸ್ ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಬಂತು. ಒಳಗಿದ್ದದ್ದು ಎರಡು ಮುಖ್ಯ ಚಿಪ್. ಒಂದು ಲೆಕ್ಕ ಮಾಡಿ ಶಬ್ದವನ್ನೂ ಹೊರಡಿಸುತ್ತದೆ, ಇನ್ನೊಂದು ಚಿತ್ರ ಬಿಡಿಸುತ್ತದೆ. ಲೆಕ್ಕಕ್ಕೆ ಬಳಸುವ ಮೆಮೊರಿ ಬರೀ 2 ಕಿಲೋಬೈಟ್! ಸೂಪರ್ ಮಾರಿಯೋ ಬ್ರದರ್ಸ್ ಆಟ ಪೂರ್ತಿಯಾಗಿ 40 ಕಿಲೋಬೈಟ್ ಅಷ್ಟೇ. ನಿಮ್ಮ ಫೋನಿನ ಒಂದು ಫೋಟೋ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು.

ತೈವಾನಿನ ಕಂಪನಿಗಳು ಈ ಎರಡು ಚಿಪ್‌ಗಳು ಮಾಡುವ ಕೆಲಸವನ್ನೇ ಮಾಡುವ ತಮ್ಮ ಚಿಪ್‌ಗಳನ್ನು ತಯಾರಿಸಿದವು. ಅಲ್ಲಿಂದ ಕ್ಲೋನ್‌ಗಳು ಲೋಕವೆಲ್ಲ ಹರಡಿದವು. ರಷ್ಯಾದಲ್ಲಿ 1992ರಲ್ಲಿ ಬಂದ ‘ಡೆಂಡಿ’, ಪೋಲೆಂಡಿನ ‘ಪೆಗಾಸಸ್’ ಎಲ್ಲ ಇದೇ ಜಾತಿಯವು. ಅಲ್ಲಿನ ಒಂದು ತಲೆಮಾರಿಗೆ ವಿಡಿಯೋ ಗೇಮ್ ಅಂದರೆ ಅದೇ.

ಕ್ಲೋನ್ ಮಾಡೋದು ಹೇಗೆ? ಮುಖ್ಯವಾಗಿ ಮೂರು ದಾರಿ ಇವೆ.

ಮೊದಲನೆಯದು, ಎಲ್ಲವನ್ನೂ ಒಂದೇ ಚಿಪ್‌ಗೆ ತುಂಬೋದು. ಅಗ್ಗದ ಕ್ಲೋನ್ ಬಿಚ್ಚಿ ನೋಡಿದರೆ ಒಳಗೆ ಕರಿ ಬೊಟ್ಟಿನಂಥ ಅಂಟು ಕಾಣುತ್ತದೆ. ಇಡೀ ಯಂತ್ರ ಅದರ ಕೆಳಗಿದೆ.

ಎರಡನೆಯದು, ಸಾಫ್ಟ್‌ವೇರ್. ಇದರಲ್ಲಿ ಒಂದು ಸಣ್ಣ ಕಂಪ್ಯೂಟರ್ ಇರುತ್ತದೆ. ‘ಹಳೆ ಯಂತ್ರ ಈಗ ಏನು ಮಾಡುತ್ತಿತ್ತು?’ ಎಂದು ಹೆಜ್ಜೆಹೆಜ್ಜೆಗೂ ಲೆಕ್ಕ ಹಾಕಿ ಅದರಂತೆ ನಟಿಸುತ್ತದೆ. ಇದಕ್ಕೆ ಎಮ್ಯುಲೇಶನ್ ಅಂತಾರೆ. 2014ರಲ್ಲಿ ಬಂದ ‘ರೆಟ್ರಾನ್ 5’ ಈ ರೀತಿಯದು.

ಮೂರನೆಯದು ಎಫ್‌ಪಿಜಿಎ. ಇದು ನಾವು ಹೇಳಿದ ಹಾಗೆ ತನ್ನೊಳಗಿನ ಜೋಡಣೆಯನ್ನೇ ಬದಲಿಸಿಕೊಳ್ಳುವ ಚಿಪ್. ‘ಹಳೆಯ ಚಿಪ್‌ಗಳ ಹಾಗೆ ಆಗು’ ಅಂದರೆ ಹಾಗೇ ಆಗುತ್ತದೆ. ಅನಲಾಗ್ ಕಂಪನಿಯ ‘ಎನ್‌ಟಿ ಮಿನಿ’ ಇದಕ್ಕೆ ಉದಾಹರಣೆ. ಬೆಲೆ ಮಾತ್ರ ಜಾಸ್ತಿ.

ಒಳ್ಳೆ ಕ್ಲೋನ್ ಮಾಡಬೇಕಾದರೆ ಅಸಲಿಯ ಶಕ್ತಿಯಷ್ಟೇ ಅಲ್ಲ, ಅದರ ಮಿತಿಗಳೂ ಗೊತ್ತಿರಬೇಕು. ಹಳೆ ಚಿಪ್ ಒಂದು ಅಡ್ಡಸಾಲಿನಲ್ಲಿ 8 ಚಲಿಸುವ ತುಣುಕುಗಳನ್ನು ಮಾತ್ರ ತೋರಿಸಬಲ್ಲದು. ಹೆಚ್ಚಾದರೆ ಕೆಲವು ಮಾಯವಾಗುತ್ತವೆ. ಅದಕ್ಕೇ ಶತ್ರುಗಳು ಗುಂಪಾಗಿ ಬಂದಾಗ ಚಿತ್ರ ಮಿಣುಕುತ್ತದೆ. ಆಟ ಬರೆದವರು ಇಂಥ ಮಿತಿಗಳನ್ನೆಲ್ಲ ನೋಡಿಕೊಂಡೇ ಬರೆದಿದ್ದರು. ಕ್ಲೋನ್ ಎಲ್ಲೋ ಸ್ವಲ್ಪ ಬೇರೆಯಾದರೂ ಆಟ ಬೇರೆಯಾಗುತ್ತದೆ. ಅಗ್ಗದ ಎಷ್ಟೋ ಕ್ಲೋನ್‌ಗಳಲ್ಲಿ ಎರಡು ಬಗೆಯ ಧ್ವನಿ ಅಲೆಗಳು ಅದಲುಬದಲಾಗಿವೆ. ರಾಗ ಅದೇ, ದನಿ ಬೇರೆ. ಇನ್ನು ಕೆಲವು ಕಾರ್ಟ್ರಿಜ್‌ಗಳ ಒಳಗೇ ಹೆಚ್ಚುವರಿ ಚಿಪ್ ಇರುತ್ತದೆ. ಹಾಗಾಗಿ ಕ್ಯಾಸಲ್‌ವೇನಿಯಾ 3ರಂಥ ಆಟ ಅನೇಕ ಕ್ಲೋನ್‌ಗಳಲ್ಲಿ ಓಡುವುದೇ ಇಲ್ಲ.

“ಕಾಪಿ ಮಾಡೋದು ತಪ್ಪಲ್ವಾ?” ಅಂತ ನೀವು ಕೇಳಬಹುದು. ಒಳ್ಳೆ ಪ್ರಶ್ನೆ. ಉತ್ತರ ಬೇಕಾದರೆ ಯಂತ್ರ ಬೇರೆ, ಆಟ ಬೇರೆ ಅಂತ ಬಿಡಿಸಿ ನೋಡಬೇಕು. ಯಂತ್ರದ ವಿನ್ಯಾಸಕ್ಕೆ ಇರುವುದು ಪೇಟೆಂಟ್, ಅದರ ಆಯಸ್ಸು ಸುಮಾರು 20 ವರ್ಷ. ಫ್ಯಾಮಿಕಾಮ್ ಕಾಲದ ಪೇಟೆಂಟ್‌ಗಳು ಮುಗಿದುಹೋಗಿವೆ. ಆದ್ದರಿಂದ ಇಂದು ಅಂಥ ಯಂತ್ರ ಮಾಡಿ ತನ್ನದೇ ಹೆಸರಿನಲ್ಲಿ ಮಾರುವುದು ಒಂದು ವಿಷಯ. ಆಟಕ್ಕೆ ಇರುವುದು ಕಾಪಿರೈಟ್. ಅಮೆರಿಕದಲ್ಲಿ ಕಂಪನಿಯ ಕೃತಿಗೆ ಅದು ಪ್ರಕಟವಾದ ಮೇಲೆ 95 ವರ್ಷ ಇರುತ್ತದೆ. ಹಾಗಾಗಿ ಪೆಟ್ಟಿಗೆಯೊಳಗೆ ಅನುಮತಿಯಿಲ್ಲದೆ ನೂರಾರು ಆಟ ತುಂಬಿ ಮಾರುವುದು ಬೇರೆಯೇ ವಿಷಯ. ಅದು ಆಟ ಬರೆದವರಿಗೆ ಮಾಡುವ ಅನ್ಯಾಯ.

ಅರ್ಥ ಮಾಡಿಕೊಳ್ಳುವುದಕ್ಕೂ ಎತ್ತಿಕೊಳ್ಳುವುದಕ್ಕೂ ಇರುವ ಈ ವ್ಯತ್ಯಾಸ 1992ರಲ್ಲಿ ಅಮೆರಿಕದ ನ್ಯಾಯಾಲಯದಲ್ಲೂ ಚರ್ಚೆಗೆ ಬಂತು. ಎನ್‌ಇಎಸ್‌ನಲ್ಲಿ ಅನುಮತಿ ಇಲ್ಲದ ಕಾರ್ಟ್ರಿಜ್ ತಡೆಯುವ ಒಂದು ಬೀಗದ ಚಿಪ್ ಇತ್ತು. ಅಟಾರಿ ಗೇಮ್ಸ್ ಕಂಪನಿ ಅದರ ಪ್ರೋಗ್ರಾಮನ್ನು ಕಾಪಿರೈಟ್ ಕಚೇರಿಯಿಂದ ಸುಳ್ಳು ಕಾರಣ ಹೇಳಿ ಪಡೆದಿತ್ತು. ನ್ಯಾಯಾಲಯ ನಿಂಟೆಂಡೊ ಪರವಾಗಿ ನಿಂತಿತು. ಆದರೆ ನ್ಯಾಯವಾಗಿ ಕೊಂಡ ಚಿಪ್ಪನ್ನು ಬಿಚ್ಚಿ ಅದು ಹೇಗೆ ಕೆಲಸ ಮಾಡುತ್ತದೆ ಅಂತ ಕಲಿಯುವುದು ತಪ್ಪಾಗಬೇಕಿಲ್ಲ ಅಂತಲೂ ಹೇಳಿತು. ಎಂಜಿನಿಯರ್ ಆಗಬೇಕು ಅನ್ನುವ ಮಕ್ಕಳು ಈ ಎರಡನೇ ಮಾತನ್ನು ನೆನಪಿಡಿ.

ಇನ್ನು ಹಳೆ ಕಾರ್ಟ್ರಿಜ್ ಆಡಿಸಬೇಕು ಅನ್ನುವವರಿಗೆ ಎರಡು ಮಾತು. ಊರಿನ ಕ್ಲೋನ್‌ಗಳ ಕಾರ್ಟ್ರಿಜ್ ಜಪಾನಿನ ಅಳತೆಯದು, 60 ಪಿನ್. ಇಲ್ಲಿ ಅಮೆರಿಕದ ಎನ್‌ಇಎಸ್‌ನದು 72 ಪಿನ್. ನೇರವಾಗಿ ಕೂರುವುದಿಲ್ಲ, ಅಡಾಪ್ಟರ್ ಬೇಕು. ಬಾತುಕೋಳಿ ಹೊಡೆಯುವ ಆಟದ ಗನ್ ಹಳೆಯ ದಪ್ಪ ಟಿವಿಗೆ ಮಾಡಿದ್ದು. ಈಗಿನ ತೆಳು ಟಿವಿಯಲ್ಲಿ ಅದು ಕೆಲಸ ಮಾಡದಿದ್ದರೆ ಕ್ಲೋನನ್ನು ಬೈಯಬೇಡಿ.

ಅಸಲಿ ಯಂತ್ರಗಳಿಗೆ ಈಗ 40 ವರ್ಷ ವಯಸ್ಸು. ಅವು ಒಂದೊಂದಾಗಿ ಕೆಡುತ್ತಿವೆ, ಹೊಸದಾಗಿ ಯಾರೂ ಮಾಡುತ್ತಿಲ್ಲ. ಪೆಟ್ಟಿಗೆಯಲ್ಲಿ ಎತ್ತಿಟ್ಟ ಕಾರ್ಟ್ರಿಜ್ ಮತ್ತೆ ಆಡಲು ಸಿಗಬೇಕಾದರೆ, ಹಳೆ ಚಿಪ್‌ಗಳನ್ನು ಸರಿಯಾಗಿ ಅರ್ಥ ಮಾಡಿಕೊಂಡು ಮಾಡಿದ ಕ್ಲೋನ್‌ಗಳೇ ಬೇಕಾಗುತ್ತವೆ.

ಕೊನೆಗೊಂದು ಲೆಕ್ಕ. ಸೂಪರ್ ಮಾರಿಯೋ ಬ್ರದರ್ಸ್ ಬಂದದ್ದು 1985ರಲ್ಲಿ. ಈಗಿನ ಕಾನೂನಿನ ಪ್ರಕಾರ ಆ ಆಟ ಅಮೆರಿಕದಲ್ಲಿ ಎಲ್ಲರ ಸ್ವತ್ತಾಗುವುದು 2081ರ ಜನವರಿ 1ಕ್ಕೆ. ಆಗ ನಿಮಗೆ ಎಷ್ಟು ವಯಸ್ಸಾಗಿರುತ್ತೆ? ಉತ್ತರವನ್ನು ಕನ್ನಡದಲ್ಲೇ ಹೇಳಬೇಕು!