ಮುಳುಗುವ ಮನೆಯ ಗಳ

ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಎಂದು ನಮ್ಮಲ್ಲಿ ಒಂದು ಮಾತಿದೆ. 2024ರ ಏಪ್ರಿಲ್ 16ರಂದು ಈ ನಾಡಿನಲ್ಲಿ ಯಾವ ಮನೆಯೂ ಉರಿಯಲಿಲ್ಲ, ಮುಳುಗಿದವು. ಅಲ್ ಐನ್ ಕಡೆಯ ಖತ್ಮ್ ಅಲ್ ಶಕ್ಲಾ ಎಂಬಲ್ಲಿ ಇಪ್ಪತ್ತನಾಲ್ಕು ಗಂಟೆಯೊಳಗೆ 254.8 ಮಿ.ಮೀ. ಮಳೆ ಬಿತ್ತು. 1949ರಿಂದ ಇಟ್ಟ ದಾಖಲೆಯಲ್ಲಿ ಇಷ್ಟು ಮಳೆ ಇಲ್ಲ. ಆಗುಂಬೆಯವರು ಈ ಅಂಕಿಯನ್ನು ಓದಿ ನಕ್ಕಾರು. ಆದರೆ ಮಳೆಯನ್ನು ಅಷ್ಟಾಗಿ ಲೆಕ್ಕಕ್ಕೆ ಹಿಡಿಯದೆ ಕಟ್ಟಿದ ಊರುಗಳಲ್ಲಿ ಅದು ಪ್ರಳಯವೇ ಸರಿ. ದುಬಾಯಿಯ ವಿಮಾನ ನಿಲ್ದಾಣ ನೀರಿನಲ್ಲಿ ನಿಂತ ಚಿತ್ರವನ್ನು ತಾವೆಲ್ಲ ಕಂಡಿದ್ದೀರಿ.

ಹಮ್ದಾನ್ ಸ್ಟ್ರೀಟಿನ ನಮ್ಮ ಕಟ್ಟಡದ ಕೆಳಗೆ ಕಾಸರಗೋಡಿನ ಕಡೆಯವರದೊಂದು ಬಕಾಲ ಇದೆ. ಅಂದು ಕುಡಿಯುವ ನೀರಿಗೂ ರೊಟ್ಟಿಗೂ ಅಲ್ಲಿ ನೂಕುನುಗ್ಗಲು. ಕಾಕಾ ಒಂದು ಫಿಲ್ಸ್ ಕೂಡ ಏರಿಸಲಿಲ್ಲ. ಒಬ್ಬರಿಗೆ ಎರಡೇ ಕಟ್ಟು ನೀರು ಎಂದು ಮಾತ್ರ ಹೇಳಿದರು. "ಇವತ್ತು ಎರಡು ಕಾಸು ಹೆಚ್ಚು ತಗೊಂಡ್ರೆ ನಾಳೆ ನಿಮ್ಮ ಮುಖ ಹೇಗೆ ನೋಡುದು ಡಾಕ್ಟ್ರೇ" ಎಂದರು. (ನಾನು ರಸಾಯನಶಾಸ್ತ್ರದ ಡಾಕ್ಟರು ಎಂದು ಎಷ್ಟು ಸಲ ಹೇಳಿದರೂ ಅವರು ಮಂಡಿನೋವಿಗೆ ಔಷಧ ಕೇಳುವುದನ್ನು ಬಿಟ್ಟಿಲ್ಲ.)

ಅದೇ ಸಂಜೆ ನನ್ನ ಸ್ನೇಹಿತರೊಬ್ಬರು ಹೆಂಡತಿ ಮತ್ತು ಜ್ವರ ಬಂದ ಮಗುವಿನೊಂದಿಗೆ ದುಬಾಯಿಯಿಂದ ಅಬುಧಾಬಿಗೆ ಹೊರಟಿದ್ದರು. ದಾರಿಯಲ್ಲಿ ಕಾರಿನೊಳಕ್ಕೆ ನೀರು ನುಗ್ಗಿ ಇಂಜಿನ್ ನಿಂತಿತು. ಮೂರು ಗಂಟೆಯ ನಂತರ ಒಂದು ರಿಕವರಿ ಗಾಡಿ ಬಂತು. ಬೇರೆ ದಿನ ಮುನ್ನೂರು ದಿರ್ಹಮಿಗೆ ಆಗುವ ಕೆಲಸಕ್ಕೆ ಚಾಲಕ ಸಾವಿರದ ಐನೂರು ಕೇಳಿದ. ನಗದು ಮಾತ್ರ, ಬಿಲ್ಲು ಇಲ್ಲ. ಇದ್ದದ್ದನ್ನೆಲ್ಲ ಕೊಟ್ಟು, ಉಳಿದದ್ದನ್ನು ಪಕ್ಕದ ಕಾರಿನವರಲ್ಲಿ ಸಾಲ ಮಾಡಿ ಕೊಟ್ಟರು. ಎತ್ತರದ ಗಾಡಿಗಳವರು ಗುರುತು ಪರಿಚಯವಿಲ್ಲದವರ ಕಾರುಗಳನ್ನು ಪುಕ್ಕಟೆ ಎಳೆದುಕೊಟ್ಟದ್ದೂ ಅಂದೇ ಉಂಟು. ಇವರ ಪಾಲಿಗೆ ಅಂಥವರು ಬರಲಿಲ್ಲ.

ಇದನ್ನು ಕೇಳಿ ನಾನು ಸಿಟ್ಟಾದೆ. ಸ್ನೇಹಿತರು ಸಿಟ್ಟಾಗಿರಲಿಲ್ಲ. "ಅವನೂ ಬರದೇ ಇದ್ದಿದ್ದರೆ?" ಎಂದರು. ಅರ್ಥಶಾಸ್ತ್ರಜ್ಞರ ವಾದವೂ ಇದೇ. ಬೆಲೆ ಏರಿದರೆ ತಾನೇ ದೂರದ ಗಾಡಿಯವನು ನೀರಿಗಿಳಿದು ಬರುವುದು ಎನ್ನುತ್ತಾರೆ. ಇದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಆದರೆ ನನಗೆ ಪ್ರಯೋಗಶಾಲೆಯ ನೆನಪಾಗುತ್ತದೆ. ಕಾಯಿಸಿದರೆ ಕ್ರಿಯೆಯ ವೇಗ ಹೆಚ್ಚುವುದು ನಿಜ, ಆದರೆ ಮುಚ್ಚಿದ ಪಾತ್ರೆಯಲ್ಲಿ ದ್ರವ್ಯವೇ ಮುಗಿದಿದ್ದರೆ ಎಷ್ಟು ಕಾಯಿಸಿ ಏನು ಫಲ? ರಸ್ತೆಗಳು ಮುಳುಗಿದ ಊರು ಅಂಥ ಮುಚ್ಚಿದ ಪಾತ್ರೆ. ಬೆಲೆ ಎಷ್ಟೇ ಏರಲಿ, ಆ ರಾತ್ರಿ ಹೊರಗಿನಿಂದ ಗಾಡಿ ಬರುವಂತಿಲ್ಲ. ಇದ್ದ ಗಾಡಿ ಯಾರ ಕಿಸೆ ತುಂಬಿದೆಯೋ ಅವರಿಗೆ ಸಿಗುತ್ತದೆ, ಅಷ್ಟೇ.

ಹಾಗಾದರೆ ಕಾನೂನು ಏನೆನ್ನುತ್ತದೆ? ಇಲ್ಲಿ 2006ರ ಗ್ರಾಹಕ ರಕ್ಷಣಾ ಕಾನೂನಿನ ಜಾಗದಲ್ಲಿ 2020ರ 15ನೆಯ ಕಾನೂನು ಬಂದಿದೆ. ಅದಲ್ಲದೆ 2025ರ ಜನವರಿ 2ರಿಂದ ಅಡುಗೆ ಎಣ್ಣೆ, ಮೊಟ್ಟೆ, ಹಾಲಿನ ಪದಾರ್ಥ, ಅಕ್ಕಿ, ಸಕ್ಕರೆ, ಕೋಳಿ, ಬೇಳೆಕಾಳು, ಬ್ರೆಡ್ಡು, ಗೋಧಿ ಈ ಒಂಬತ್ತರ ಬೆಲೆಯನ್ನು ಆರ್ಥಿಕ ಸಚಿವಾಲಯದ ಮುಂಗಡ ಒಪ್ಪಿಗೆಯಿಲ್ಲದೆ ಏರಿಸುವಂತಿಲ್ಲ. ಎರಡು ಏರಿಕೆಗಳ ನಡುವೆ ಕನಿಷ್ಠ ಆರು ತಿಂಗಳು ಕಳೆದಿರಬೇಕು. ಸಂಸಾರಸ್ಥರಿಗೆ ಇದು ದೊಡ್ಡ ಉಪಕಾರ. ಆದರೆ ರಿಕವರಿ ಗಾಡಿ ಈ ಪಟ್ಟಿಯಲ್ಲಿಲ್ಲ.

ನಮ್ಮ ದೇಶದ ಕಥೆಯೂ ಪಟ್ಟಿಯದೇ. 1955ರ ಅವಶ್ಯಕ ವಸ್ತುಗಳ ಕಾಯಿದೆಯ ಅನುಸೂಚಿಯಲ್ಲಿ ಔಷಧ, ಗೊಬ್ಬರ, ಆಹಾರ, ಪೆಟ್ರೋಲಿಯಂ, ಬೀಜ, ಸೆಣಬು, ನೂಲಿನ ಲಡಿ ಇವೆ. 2022ರ ಸೆಪ್ಟೆಂಬರ್ ಆರಂಭದಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಕೆರೆಯಾದಾಗ ಜನರಿಗೆ ಬೇಕಾದದ್ದು ಸೆಣಬೂ ಅಲ್ಲ, ಲಡಿಯೂ ಅಲ್ಲ. ತಲೆಯ ಮೇಲೊಂದು ಸೂರು. ಮುಳುಗಿದ ಬಡಾವಣೆಗಳವರು ಹೋಟೆಲುಗಳಿಗೆ ಓಡಿದಾಗ ಕೊಠಡಿಯ ಬಾಡಿಗೆ ರಾತ್ರಿಗೆ ಮೂವತ್ತು ನಲವತ್ತು ಸಾವಿರಕ್ಕೆ ಏರಿತೆಂದು ಪತ್ರಿಕೆಗಳು ಬರೆದವು. ಅದೇ ನೀರಿನಲ್ಲಿ ಟ್ರಾಕ್ಟರಿನವರು ತಲೆಗೆ ಐವತ್ತು ರೂಪಾಯಿ ಪಡೆದು ಇಂಜಿನಿಯರುಗಳನ್ನು ಕಚೇರಿಗೆ ಮುಟ್ಟಿಸಿದರು. ನನಗೆ ಅದು ನ್ಯಾಯವಾದ ದರವೆಂದೇ ತೋರುತ್ತದೆ.

ಪಟ್ಟಿಗೆ ಹೊಸ ಹೆಸರು ಸೇರಿಸಬಹುದು, ನಿಜ. 2020ರ ಮಾರ್ಚ್ 13ರಂದು ಮುಖಗವಸು ಮತ್ತು ಸ್ಯಾನಿಟೈಸರುಗಳನ್ನು ಸೇರಿಸಿದರು. ತರುವಾಯ 200 ಮಿ.ಲೀ. ಸ್ಯಾನಿಟೈಸರಿಗೆ 100 ರೂಪಾಯಿ ಮೀರಬಾರದೆಂದರು. ಅದನ್ನು ತಯಾರಿಸುವ ಆಲ್ಕೋಹಾಲಿನ ಬೆಲೆಗೂ ಕಡಿವಾಣ ಹಾಕಿದ್ದನ್ನು ಕಂಡು, ದಿಲ್ಲಿಯಲ್ಲಿ ಯಾರೋ ನಮ್ಮ ಶಾಸ್ತ್ರ ಬಲ್ಲವರಿದ್ದಾರೆಂದು ಸಂತೋಷಪಟ್ಟೆ. ಕಚ್ಚಾ ಸಾಮಗ್ರಿಯ ಬೆಲೆ ಏರಲು ಬಿಟ್ಟು ಸಿದ್ಧ ವಸ್ತುವನ್ನು ಕಟ್ಟಿಹಾಕಿದರೆ ತಯಾರಿಕೆಯೇ ನಿಲ್ಲುತ್ತದೆ. ಆದರೆ ರೋಗ ತಿಂಗಳುಗಟ್ಟಲೆ ಇತ್ತು, ಅಧಿಸೂಚನೆ ಹೊರಡಿಸಲು ವ್ಯವಧಾನವಿತ್ತು. ಮಳೆ ಸಂಜೆ ಬಂದು ಬೆಳಗಾಗುವುದರೊಳಗೆ ಹೋಗಿರುತ್ತದೆ.

ಅಮೆರಿಕದ ಕೆಲವು ರಾಜ್ಯಗಳು ಬೇರೆ ದಾರಿ ಹಿಡಿದಿವೆ. ಚಳಿಗಾಲದಲ್ಲಿ ಮನೆ ಕಾಯಿಸುವ ಎಣ್ಣೆಯ ಬೆಲೆ ಏರಿದ ಮೇಲೆ ನ್ಯೂಯಾರ್ಕ್ 1979ರಲ್ಲಿ ಮೊದಲು ಇಂಥ ಕಾನೂನು ಮಾಡಿತು. 1992ರಲ್ಲಿ ಆಂಡ್ರೂ ಚಂಡಮಾರುತ ಬಡಿದ ಮೇಲೆ ಫ್ಲಾರಿಡಾ ಮಾಡಿತು. ಫ್ಲಾರಿಡಾದ ಕಾನೂನು ವಸ್ತುವಿಗಿಂತ ಹೊತ್ತನ್ನು ನೋಡುತ್ತದೆ. ತುರ್ತು ಪರಿಸ್ಥಿತಿ ಘೋಷಿಸಿದೊಡನೆ ಅದು ಜಾರಿಗೆ ಬರುತ್ತದೆ. ಆ ವಿಪತ್ತಿನಲ್ಲಿ ಅಗತ್ಯವಾದ ಸರಕು, ಸೇವೆ, ಮನೆ ಬಾಡಿಗೆ ಎಲ್ಲಕ್ಕೂ ಹಿಂದಿನ 30 ದಿನಗಳ ಸರಾಸರಿ ಬೆಲೆಯೇ ಅಳತೆಗೋಲು. ಅದಕ್ಕೂ ಕೇಳಿದ ಬೆಲೆಗೂ ಅಜಗಜಾಂತರವಿದ್ದರೆ ಅಪರಾಧ. ಆದರೆ ತನ್ನ ಖರ್ಚೇ ಹೆಚ್ಚಾಯಿತೆಂದು ಮಾರುವವನು ತೋರಿಸಿಕೊಟ್ಟರೆ ಅವನಿಗೆ ರಕ್ಷಣೆಯುಂಟು.

ಈ ಕೊನೆಯ ಮಾತು ನನಗೆ ಹಿಡಿಸಿತು. ನಮ್ಮ ರಿಕವರಿ ಚಾಲಕನೂ ಇಂಜಿನ್ ಕೆಡುವ ಭಯದಲ್ಲೇ ನೀರಿಗಿಳಿದವನು. ರಾತ್ರಿಯ ದುಡಿಮೆ, ಅಪಾಯ ಎಲ್ಲ ಸೇರಿಸಿ ಆರುನೂರು ಕೇಳಿದ್ದರೆ ಯಾರೂ ತಕರಾರು ಮಾಡುತ್ತಿರಲಿಲ್ಲ. ಉಳಿದ ಒಂಬೈನೂರು ಜ್ವರದ ಮಗುವನ್ನು ನೋಡಿ ಕೇಳಿದ್ದು. ಕಾಕಾನಿಗಿರುವ ನಾಳೆಯ ಮುಖದಾಕ್ಷಿಣ್ಯ ಅವನಿಗಿಲ್ಲ. ಮತ್ತೆ ಅವನು ನಮ್ಮ ಕಣ್ಣಿಗೆ ಬೀಳುವವನಲ್ಲ. ಕಾನೂನು ಬೇಕಾಗುವುದು ಇಂಥ ಕಡೆಯಲ್ಲಿಯೇ. ಪರಿಚಯದ ಅಂಗಡಿಯಲ್ಲಿ ಅದರ ಕೆಲಸ ಕಡಿಮೆ.

ದೂರು ಕೊಡೋಣವೆಂದು ಸ್ನೇಹಿತರನ್ನು ಒತ್ತಾಯಿಸಿದೆ. ಬಿಲ್ಲಿಲ್ಲ, ಗಾಡಿಯ ನಂಬರು ಬರೆದುಕೊಂಡಿಲ್ಲ. ಮಗು ಗುಣವಾಯಿತು, ಬಿಡಿ ಎಂದರು. ಅವರದೇ ಒಂದು ಸಲಹೆ ಇದೆ: ನಮ್ಮ ಸಂಘದಲ್ಲಿ ಎತ್ತರದ ಗಾಡಿ ಇರುವವರ ಹೆಸರು, ಫೋನ್ ನಂಬರುಗಳ ಪಟ್ಟಿಯೊಂದು ಎಲ್ಲರ ಮನೆಯಲ್ಲೂ ಇರಲಿ ಎಂದು. ಇದುವರೆಗೆ ಆರು ಹೆಸರು ಬಂದಿವೆ. ಎಳೆಯುವ ಹಗ್ಗ ನನ್ನಲ್ಲಿದೆ.